ಹಂಡೆಹಳ್ಳದ ಮಿಡಿ ರಾಟರ್‌ಡ್ಯಾಮಿಗೆ ಹೊರಟಾಗ

ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಬೆಳಿಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ನನ್ನ ಅಕ್ಕನ ಮಗಳು ಸುಧಾ ಉಪ್ಪಿನಕಾಯಿಯ ಎರಡು ಬಾಟಲಿಗಳನ್ನು ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡಿದ್ದಳು. ನನ್ನ ಬ್ಯಾಗಿನಲ್ಲಿ ದಪ್ಪನೆಯ ಇಂಗ್ಲಿಷ್ ಅಗ್ರಿಮೆಂಟ್. ಸರ್ಕಾರಿ ಬಸ್ಸಾದರೆ ಆಧಾರ್ ತೋರಿಸಿ ಫ್ರೀಯಾಗಿ ಹೋಗಬಹುದಿತ್ತು. ಆದರೆ ನಮ್ಮ ಕಡೆ ಹೊತ್ತಿಗೆ ಸರಿಯಾಗಿ ಬರುವುದು ಪ್ರೈವೇಟ್ ಬಸ್ಸೇ. "ಟಿಕೆಟ್ ಕಂಪನಿ ಖರ್ಚು ಚಿಕ್ಕಮ್ಮ, ನೀವು ನಮ್ಮ ಇಂಟರ್‌ಪ್ರಿಟರ್" ಎಂದಳು ಸುಧಾ.

ಕಂಪನಿ ಎಂದರೆ ಒಂದು ಶೆಡ್ಡು, ಸುಧಾ, ಮತ್ತು ಅವಳೊಂದಿಗೆ ಅಪ್ಪೆಮಿಡಿ ಎಂಬ ಘಮದ ಮಾವಿನ ಮಿಡಿಯ ಉಪ್ಪಿನಕಾಯಿ ಹಾಕುವ ಹೆಂಗಸರು. ರಾಟರ್‌ಡ್ಯಾಮಿನ ವ್ಯಾಪಾರಿಯೊಬ್ಬ ಇವರ ಬಾಟಲಿಗಳನ್ನು ಯುರೋಪಿನಲ್ಲಿ ಮಾರಲು ಮುಂದೆ ಬಂದಿದ್ದ. ಸೋಮವಾರದೊಳಗೆ ಸಹಿಯಾಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದಿದ್ದ. ಅವನನ್ನು ನಂಬಿ ಸುಧಾ ಹೊಸ ಶೆಡ್ಡಿಗೆ ಪಾಯ ತೆಗೆಸಿಬಿಟ್ಟಿದ್ದಳು.

ತೊಡಕಾದದ್ದು ಒಂಬತ್ತನೇ ಷರತ್ತು. ಬಾಟಲಿಯ ಮೇಲಿನ 'ಹಂಡೆಹಳ್ಳ ಅಪ್ಪೆ' ಎಂಬ ಹೆಸರು ತನ್ನೊಬ್ಬಳದೇ ಎಂದು ಸುಧಾ ಬರೆದುಕೊಡಬೇಕು. ಅವನು ಅದನ್ನು ಯುರೋಪಿನಲ್ಲಿ ತನ್ನ ಹೆಸರಿಗೆ ರಿಜಿಸ್ಟರ್ ಮಾಡಿಸಿಕೊಳ್ಳುತ್ತಾನೆ. ಕಾನ್ವೆಂಟಿನ ಸಿಸ್ಟರುಗಳು ನನಗೆ ಥ್ಯಾಂಕ್ಯೂ ಲೆಟರ್ ಬರೆಯುವುದನ್ನು ಚೆನ್ನಾಗಿ ಕಲಿಸಿದ್ದರು. ಈ ಇಂಗ್ಲಿಷ್ ಬೇರೆಯೇ. ವಿದೇಶಿ ವ್ಯಾಪಾರದ ಕಾನೂನು ನೋಡುವ ತೀರ್ಥಹಳ್ಳಿಯ ವಕೀಲೆ ರಚನಾಗೆ ಫೋನ್ ಮಾಡಿದಾಗ, "ಬರೋ ದಾರೀಲಿ ಆ ಮಾವಿನ ಮರ ಇರೋ ಮನೆಯವ್ರನ್ನ ಒಂದ್ಮಾತು ಕೇಳ್ಕೊಂಡೇ ಬನ್ನಿ ಮೇಡಂ" ಎಂದಿದ್ದರು. ನಮ್ಮಲ್ಲಿ ಅಪ್ಪೆಮಿಡಿಗೆ ಅದರ ಮೂಲ ಮರದ ಹೆಸರೇ ಹೆಸರು. ಹಂಡೆಹಳ್ಳದ ಮರ ಇರುವುದು ಹೊಸನಗರದ ಹತ್ತಿರ.

ರಿಪ್ಪನ್‌ಪೇಟೆಯಲ್ಲಿ ಇಡ್ಲಿ ತಿಂದು ಬಸ್ ಬದಲಿಸಿದೆವು. ಕಂಡಕ್ಟರ್ ಟವೆಲಿನ ಗಂಟು ನೋಡಿ, "ಎಂತ ಅಜ್ಜಿ, ಮಗುನಾ? ಅರ್ಧ ಟಿಕೆಟ್ ಹರೀಲಾ?" ಎಂದು ಕೆಣಕಿದ.

"ಇದಕ್ಕೆ ಪಾಸ್‌ಪೋರ್ಟ್ ಮಾಡಿಸೋಕೆ ಹೊರಟಿದೀವಿ ಕಣಪ್ಪ" ಎಂದೆ. ಹಿಂದಿನ ಸೀಟಿನವರೂ ನಕ್ಕರು.

ಹೊಸನಗರದಲ್ಲಿ ಇಳಿದು ಆಟೋ ಹಿಡಿದೆವು. ಬೇಸಿಗೆಗೆ ಹಳ್ಳ ಸೊರಗಿತ್ತು. ದಂಡೆಯ ಮಾವಿನ ಮರದ ಮೇಲೆ ಇಬ್ಬರು ಮಿಡಿ ಕೊಯ್ಯುತ್ತಿದ್ದರು. ಪೆಟ್ಟಾಗದಿರಲೆಂದು ಬುಟ್ಟಿಗೆ ಹಗ್ಗ ಕಟ್ಟಿ ಮೆಲ್ಲಗೆ ಇಳಿಸುತ್ತಿದ್ದರು. ಕೆಳಗೆ ಬುಟ್ಟಿ ಹಿಡಿಯುತ್ತಿದ್ದವರು ಮರದ ಒಡತಿ ಭಾಗಕ್ಕ, ನನ್ನದೇ ವಯಸ್ಸು. ಒಂದು ಮಿಡಿಯ ತೊಟ್ಟು ಮುರಿದು ನನ್ನ ಮೂಗಿಗೆ ಹಿಡಿದರು. ಸೊನೆಗೆ ಜೀರಿಗೆಯ ಘಮ. ಇಷ್ಟು ವರ್ಷ ಇದನ್ನು ಬಾಟಲಿಯಲ್ಲಷ್ಟೇ ಕಂಡಿದ್ದೆನಲ್ಲ ಎಂದು ಹಳಹಳಿಯಾಯಿತು.

ಸುಧಾ ವಿಷಯ ಬಿಡಿಸಿ ಹೇಳಿದಳು.

"ಹೆಸ್ರು ನಿಂದೊಬ್ಳದೇ ಹೇಳಿ ಬರ್ಕೊಡವ? ಆಗ್ತಲ್ಲೆ ತಂಗಿ" ಎಂದರು ಭಾಗಕ್ಕ. "ಕೇಳಿದವ್ಕೆಲ್ಲ ಕಸಿ ಕಡ್ಡಿ ಕೊಟ್ಟಿದ್ಯ. ವರದಹಳ್ಳಿ ಬದಿಗೂ ಇದ್ದು, ತೀರ್ಥಹಳ್ಳಿಲೂ ಇದ್ದು. ಅವೆಲ್ಲ ಹಂಡೆಹಳ್ಳ ಅಪ್ಪೆ ಹೇಳೇ ಮಾರ್ತ."

"ನೀವೊಂದು ಒಪ್ಪಿಗೆ ಸಹಿ ಹಾಕಿದ್ರೆ ಸಾಕಿತ್ತು ಭಾಗಕ್ಕ."

"ಮಿಡಿ ಕೇಳು, ಬುಟ್ಟಿ ತುಂಬ ಕೊಡ್ತಿ. ಕೊಟ್ಟ ಕಡ್ಡಿ, ಅದ್ರ ಹೆಸ್ರು ವಾಪಸ್ ಕೇಳು ಹೇಳ್ತ್ಯ?" ಸುಧಾಳ ಮುಖ ನೋಡಿ ದನಿ ತಗ್ಗಿಸಿದರು. "ಬಯ್ಯದು ಮುಗತ್ತು. ಈಗ ಉಂಡ್ಕಂಡೇ ಹೋಗವು." ಅನ್ನಕ್ಕೆ ತೆಳ್ಳಗಿನ ಅಪ್ಪೆಹುಳಿ ಬಡಿಸಿದರು. ಸುಧಾ ತಲೆ ಎತ್ತದೆ ಉಂಡಳು.

ತೀರ್ಥಹಳ್ಳಿ ಬಸ್ಸಿನಲ್ಲಿ ಸುಧಾ ಕೇಳಿದಳು: "ಸೈನ್ ಮಾಡ್ಬಿಡ್ಲಾ ಚಿಕ್ಕಮ್ಮ? ರಾಟರ್‌ಡ್ಯಾಮಲ್ಲಿ ಯಾರು ಬಂದು ಕೇಳ್ತಾರೆ?"

ನನಗೆ ನನ್ನದೇ ಹೆಸರು ನೆನಪಾಯಿತು. ಕಾನ್ವೆಂಟಿಗೆ ಸೇರಿದ ವರ್ಷ, ಗೋದಾವರಿ ಎನ್ನುವುದು ಉದ್ದವಾಯಿತೆಂದು ಸಿಸ್ಟರ್ ನನ್ನನ್ನು ಗ್ರೇಸ್ ಎಂದು ಕರೆಯತೊಡಗಿದ್ದರು. ಆ ಹೆಸರು ನನಗೆ ಇಷ್ಟವೇ ಆಗಿತ್ತು. ಆದರೆ ರಜೆಗೆ ಮನೆಗೆ ಬಂದಾಗ ಅಮ್ಮ ಗೋದಾವರಿ ಎಂದು ಕರೆದರೆ ತಕ್ಷಣ ಓಗೊಡಲು ಆಗುತ್ತಿರಲಿಲ್ಲ.

ರಚನಾ ಅವರ ಆಫೀಸು ಸ್ಟೇಷನರಿ ಅಂಗಡಿಯ ಮಹಡಿಯ ಮೇಲೆ. ಕಿಟಕಿಯಾಚೆ ತುಂಗೆಯ ಬಂಡೆಗಳು ಒಣಗಿ ನಿಂತಿದ್ದವು. ಮಜ್ಜಿಗೆ ಕೊಟ್ಟು, ನಮ್ಮ ಮಾತನ್ನೆಲ್ಲ ಕೇಳಿ, ಆಕೆ ಪೆನ್ಸಿಲ್ಲಿನಿಂದ ಒಂಬತ್ತನೇ ಷರತ್ತಿಗೆ ಅಡ್ಡಗೆರೆ ಎಳೆದರು.

"ಇದಕ್ಕೆ ಸಹಿ ಹಾಕಿ, ನಾಳೆ ವರದಹಳ್ಳಿ ಕಡೆಯವ್ರು ಯಾರಾದ್ರೂ ಅಲ್ಲಿಗೆ ಇದೇ ಹೆಸರಿನ ಉಪ್ಪಿನಕಾಯಿ ಕಳಿಸಿದ್ರೆ, ನಿಮ್ಮೊಬ್ರದೇ ಅಂದಿದ್ರಲ್ಲ ಅಂತ ಅವನು ನಷ್ಟಾನ ನಿಮ್ಮ ಹತ್ರ ಕೇಳ್ತಾನೆ. ಅದೂ ರಾಟರ್‌ಡ್ಯಾಮಿನ ಕೋರ್ಟಲ್ಲಿ. ಅವನನ್ನ ಬಿಟ್ಟು ಬೇರೆಯವ್ರಿಗೆ ಮಾರೋಣ ಅಂದ್ರೆ, ಹೆಸರು ಅವನ ಕೈಲಿರುತ್ತೆ."

"ಹಂಗಾದ್ರೆ ಬಿಟ್ಬಿಡೋದಾ?" ತೋರಿಸಲು ತಂದ ಬಾಟಲಿಗಳನ್ನು ಸುಧಾ ಮತ್ತೆ ಟವೆಲಿನಲ್ಲಿ ಸುತ್ತತೊಡಗಿದಳು.

"ಯಾಕೆ ಬಿಡ್ತೀರಿ? ಮರದ ಹೆಸರನ್ನ ಇಬ್ಬರೂ ರಿಜಿಸ್ಟರ್ ಮಾಡಿಸಬಾರದು ಅಂತ ಬರೆಯೋಣ. ಕಂಪನಿಗೆ ನಿಮ್ಮದೇ ಒಂದು ಗುರುತು ಮಾಡಿ. ಅದನ್ನ ಇಲ್ಲೂ ಅಲ್ಲೂ ನಿಮ್ಮ ಹೆಸರಿಗೇ ಮಾಡಿಸೋಣ. ಅವನಿಗೆ ಬಳಸೋಕೆ ಪರ್ಮಿಷನ್ ಅಷ್ಟೇ."

ಸುಧಾ ಹೆಚ್ಚು ಯೋಚಿಸಲಿಲ್ಲ. "ಬುಟ್ಟಿ" ಎಂದಳು. "ಹಗ್ಗ ಕಟ್ಟಿ ಇಳಿಸ್ತಿದ್ರಲ್ಲ, ಆ ಬುಟ್ಟಿ."

ರಚನಾ ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿದರು. ಅಲ್ಲಿ ಇನ್ನೂ ಬೆಳಗು. ವ್ಯಾಪಾರಿ ಕಾಫಿ ಕುಡಿಯುತ್ತಿದ್ದ. ಎಲ್ಲ ಕೇಳಿ, ಹಾಗಾದರೆ ಈ ಹೆಸರಿನ ಉಪ್ಪಿನಕಾಯಿಯನ್ನು ಬೇರೆಯವರೂ ಮಾರಬಹುದೇ ಎಂದ. ನಾನು ಒಳ್ಳೆಯ ವಾಕ್ಯವೊಂದನ್ನು ಜೋಡಿಸಿಕೊಳ್ಳುವಷ್ಟರಲ್ಲಿ ಸುಧಾ ಮುಂದೆ ಬಾಗಿದಳು.

"ಯೆಸ್ ಸರ್. ಟ್ರೀ ಈಸ್ ಎವ್ರಿಬಡಿ. ಪಿಕಲ್ ಈಸ್ ಮೈನ್. ಯೂ ಟೇಸ್ಟ್ ನೋ?"

ನಾನು ತಿದ್ದಲಿಲ್ಲ. ಅವನು ನಕ್ಕ. ಪಾರ್ಟ್‌ನರ್‌ಗಳನ್ನು ಕೇಳಿ ಸಂಜೆಯೊಳಗೆ ತಿಳಿಸುತ್ತೇನೆ ಎಂದ.

ವಾಪಸ್ ಬಸ್ಸಿನಲ್ಲಿ ಸುಧಾ ಮೊಬೈಲನ್ನು ಕೈಯಿಂದ ಬಿಡಲಿಲ್ಲ. ಹೊಸನಗರ ದಾಟಿತು, ಏನೂ ಬರಲಿಲ್ಲ. ರಿಪ್ಪನ್‌ಪೇಟೆಯ ಅಂಗಡಿಗಳಲ್ಲಿ ದೀಪ ಹತ್ತುತ್ತಿದ್ದಾಗ ಮೆಸೇಜ್ ಬಂತು. ಅವಳು ಓದದೆ ಫೋನನ್ನು ನನ್ನ ಕೈಗಿಟ್ಟಳು. ಒಂಬತ್ತನೇ ಷರತ್ತನ್ನು ವಕೀಲೆ ಹೇಳಿದಂತೆ ಬದಲಿಸಲು ಒಪ್ಪಿಗೆ. ಸೋಮವಾರ ಸಹಿ ಮಾಡೋಣ. ಬುಟ್ಟಿಯ ಡ್ರಾಯಿಂಗ್ ಕಳಿಸಿ.

ಅವಳು ಮೊದಲು ಫೋನ್ ಮಾಡಿದ್ದು ಭಾಗಕ್ಕನಿಗೆ. ಆಚೆಯ ದನಿ ನನಗೂ ಕೇಳಿಸಿತು: "ಆ ವಕೀಲ್ತಿಗೆ ಮಳೆ ಹಿಡಿದ್ಮೇಲೆ ಬಪ್ಲೆ ಹೇಳು. ಅವಳಿಗೂ ಒಂದು ಕಡ್ಡಿ ಕೊಡ್ತಿ."

ಆಮೇಲೆ ಸುಧಾ ನನ್ನ ಪೆನ್ನು ಇಸಿದುಕೊಂಡು, ಹಳೆಯ ಅಗ್ರಿಮೆಂಟಿನ ಹಿಂಬದಿಯಲ್ಲಿ ಬುಟ್ಟಿ ಬರೆಯತೊಡಗಿದಳು. ಬಸ್ಸು ಹೊಂಡಕ್ಕೆ ಇಳಿದಾಗೆಲ್ಲ ಗೆರೆ ಜಾರುತ್ತಿತ್ತು.

"ಅಯ್ಯೋ, ಹಗ್ಗ ಸೊಟ್ಟ ಆಯ್ತಲ್ಲ ಚಿಕ್ಕಮ್ಮ."

"ಇಳೀತಾ ಇರೋ ಬುಟ್ಟಿ ಅಲ್ವೇನೇ, ತೂಗಾಡ್ಲಿ ಬಿಡು" ಎಂದೆ. ಅವಳು ಅದನ್ನು ತಿದ್ದಲಿಲ್ಲ.