ಅಪ್ಪ ಕೆಚ್ಚಿದ ತಂತಿ

೧೯೫೬ರ ನವೆಂಬರ್ ಒಂದರ ಬೆಳಿಗ್ಗೆ ನಾನು ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಅಣ್ಣನ ಹಾಸಿಗೆಯ ತಲೆದೆಸೆಗೆ ನಿಂತಿದ್ದೆ. ಮಾಳಿಗೆಯ ಬೆಳಕಿಂಡಿಯಿಂದ ಇಳಿದ ತಂತಿ ನನ್ನ ಭುಜಕ್ಕೆ ತಾಗುತ್ತಿತ್ತು.

ಅಣ್ಣ ಏಕೀಕರಣದ ಚಳವಳಿಯಲ್ಲಿ ಎದೆಗೆ ಲಾಠಿ ಏಟು ತಿಂದವನು. ಆಮೇಲೆ ಮಗ್ಗದ ಕುಣಿಗೆ ಇಳಿಯಲಿಲ್ಲ. ಆ ವರ್ಷದ ಮಳೆಗಾಲದಿಂದ ಹಾಸಿಗೆಯನ್ನೂ ಬಿಟ್ಟಿರಲಿಲ್ಲ. ನಾಡು ಒಂದಾಯಿತೆಂಬ ಮಾತನ್ನು ಧಾರವಾಡದ ರೇಡಿಯೊದಲ್ಲಿ ತನ್ನ ಕಿವಿಯಿಂದಲೇ ಕೇಳಬೇಕೆಂಬುದೊಂದೇ ಅವನಿಗೆ ಉಳಿದಿದ್ದ ಆಸೆ. ಓಣಿಯಲ್ಲಿ ರೇಡಿಯೊ ಇದ್ದದ್ದು ಹತ್ತಿ ದಲಾಲರ ಮನೆಯಲ್ಲಿ. ಲಾಠಿ ಬಿದ್ದ ದಿನ ಪೊಲೀಸರಿಗೆ ಚಹಾ ಕಳಿಸಿದ್ದವರು ಅವರು. ಈಗ ಉತ್ಸವ ಸಮಿತಿಯ ಅಧ್ಯಕ್ಷರು. ಹೊತ್ತುಕೊಂಡಾದರೂ ಅಲ್ಲಿಗೆ ಒಯ್ಯುತ್ತೇವೆಂದು ಅಣ್ಣನಿಗೆ ಹೇಳಿದೆವು.

“ಅವರ ಕಟ್ಟಿ ಮ್ಯಾಲೆ ಕುಂತು ನಾ ಕೇಳಾಂಗಿಲ್ಲ” ಎಂದ.

ಮುಂಡರಗಿಯ ಅವನ ಗೆಳೆಯ ತಾನೇ ಮಾಡಿದ ಹರಳು ರೇಡಿಯೊ ಕಳಿಸಿದ. ಅದಕ್ಕೆ ಕರೆಂಟು ಬೇಡ, ಬ್ಯಾಟರಿ ಬೇಡ. ಕಿವಿಗೆ ಹಚ್ಚಿಕೊಂಡು ಒಬ್ಬರು ಮಾತ್ರ ಕೇಳಬಹುದು. ಆದರೆ ಏರಿಯಲ್ ತಂತಿ ಬಹಳ ಉದ್ದ, ಬಹಳ ಎತ್ತರ ಇರಬೇಕೆಂದು ಹೇಳಿಕಳಿಸಿದ್ದ. ಹತ್ತಿ ಗಿರಣಿಯ ಕೆಟ್ಟ ಮೋಟರಿನ ತಾಮ್ರದ ತಂತಿ ಗುಜರಿಯಲ್ಲಿ ಸಿಕ್ಕಿತು, ಎಲ್ಲ ತುಂಡು ತುಂಡು. ಮಾಳಿಗೆಯ ಮೇಲೆ ಗಳ ನಿಲ್ಲಿಸಿ, ತಂತಿ ಗಳಕ್ಕೆ ತಾಗದಂತೆ ಒಡೆದ ಸೋಡಾ ಬಾಟಲಿಯ ಕುತ್ತಿಗೆಗಳನ್ನು ನಡುವೆ ಕಟ್ಟಿದೆವು. ತುಂಡು ಕೂಡಿಸುವ ಕೆಲಸ ಅಪ್ಪನದು. ಮಗ್ಗದ ಹಾಸಿನ ಎಳೆಗೆ ಎಳೆ ಹೊಸೆದು ಕೂಡಿಸುವುದಕ್ಕೆ ನಾವು ನೇಕಾರರು ಕೆಚ್ಚುವುದು ಎನ್ನುತ್ತೇವೆ. ಅಪ್ಪ ಬೆರಳಿಗೆ ಬೂದಿ ಹಚ್ಚಿಕೊಂಡು ತಂತಿಯನ್ನೂ ಹಾಗೆಯೇ ಕೆಚ್ಚಿದ.

“ಮಾವಾರ, ಇದರಾಗ ಸೀರಿ ನೇಯತೀರೇನ್ರಿ?” ಎಂದು ಅತ್ತಿಗೆ ಕೆಣಕಿದರು.

“ಜಗ್ಗಿ ನೋಡವಾ. ನಾ ಕೆಚ್ಚಿದ್ದು ಹರಿದದ್ದು ಯಾರರೆ ನೋಡ್ಯಾರೇನ?”

ಅತ್ತಿಗೆ ಜಗ್ಗಿದರು. ಹರಿಯಲಿಲ್ಲ.

ಕೆಲಸ ಮುಗಿದದ್ದು ಆ ಮುಂಜಾನೆಯೇ. ಅಣ್ಣ ಕಿವಿಗೆ ಹಚ್ಚಿಕೊಂಡ. ನಾನು ಹರಳಿನ ಮೇಲೆ ಸೂಜಿ ಸರಿಸುತ್ತ ಅವನ ಮುಖ ನೋಡುತ್ತಿದ್ದೆ. ಏನೂ ಬರಲಿಲ್ಲ. ಅಪ್ಪ ಮಾಳಿಗೆ ಹತ್ತಿ ಕೆಚ್ಚಿದಲ್ಲೆಲ್ಲ ಬಿಗಿ ಮಾಡಿ ಬಂದ. ಆಗಲೂ ಬರಲಿಲ್ಲ. ಅಷ್ಟರಲ್ಲಿ ದಲಾಲರ ಕಟ್ಟೆಯ ಮೇಲಿನ ರೇಡಿಯೊ ಮಾತಾಡತೊಡಗಿತು. ಅದಕ್ಕೆ ಲೌಡ್‌ಸ್ಪೀಕರ್ ಹಚ್ಚಿದ್ದರು. ಒಂದೊಂದು ಮಾತೂ ನಮ್ಮ ಪಡಸಾಲೆಯವರೆಗೆ ಬರುತ್ತಿತ್ತು, ಜನರ ಚಪ್ಪಾಳೆಯೂ.

ಅಣ್ಣ ಕಿವಿಗೆ ಹಚ್ಚಿದ್ದನ್ನು ತೆಗೆಯಲಿಲ್ಲ. “ಬಾಗಲಾ ಮುಚ್ಚು” ಎಂದ.

ಮುಚ್ಚಿದೆ.

ಮೋಟರಿನ ತಂತಿಗೆ ತೆಳ್ಳನೆಯ ಅರಗಿನ ಲೇಪ ಇರುತ್ತದೆ, ಕೂಡಿಸುವ ಮುನ್ನ ಅದನ್ನು ಕೆರೆಯಬೇಕು, ಇಲ್ಲದಿದ್ದರೆ ತಂತಿಗೆ ತಂತಿ ತಾಗಿಯೂ ತಾಗದಂತೆ ಎಂದು ಮುಂಡರಗಿಯ ಗೆಳೆಯ ಹೇಳಿದ್ದು ಅಣ್ಣ ತೀರಿಕೊಂಡು, ಅವನ ಮಣ್ಣಿಗೆ ಬಂದಾಗ. ನೂಲನ್ನು ಕೆರೆದರೆ ಎಳೆ ಸಾಯುತ್ತದೆ. ನೇಕಾರನ ಕೈಗೆ ಅದು ಹೇಗೆ ಹೊಳೆದೀತು? ಅಪ್ಪ ಕೇಳಿಸಿಕೊಂಡ. ಅಂದಿನಿಂದ ನಮ್ಮ ಮಗ್ಗದ ಹಾಸು ಕೆಚ್ಚಲು ಬೇರೆಯವರು ಬರುತ್ತಿದ್ದರು. ಮುಂದೆ ಏಕೀಕರಣ ಹೋರಾಟಗಾರರ ಸನ್ಮಾನದಲ್ಲಿ ದಲಾಲರಿಗೆ ಶಾಲು ಹೊದಿಸಿದರು.

ಆ ಬೆಳಿಗ್ಗೆ ಪಡಸಾಲೆಯಲ್ಲಿದ್ದವರಲ್ಲಿ ನನ್ನ ಹೊರತು ಈಗ ಅತ್ತಿಗೆಯೊಬ್ಬರೇ ಬದುಕಿದ್ದಾರೆ, ಲಕ್ಷ್ಮೇಶ್ವರದ ತವರಿನಲ್ಲಿ.