ಬಾಡಿಗೆಯ ಗಿಡ

ಟೈಲರಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಊರೆಲ್ಲ ಆಡಿಕೊಳ್ಳುತ್ತದೆ. ಇರದೆ ಇನ್ನೇನು? ತಾಯಿ ತೀರಿಕೊಂಡ ಮೇಲೆ ಹೊಟ್ಟೆ ಬಟ್ಟೆ ಕಟ್ಟಿ ತಮ್ಮನನ್ನು ಬೆಳೆಸಿದವಳು ಅವಳು. ಹೊಲಿಗೆ ಯಂತ್ರದ ಪಕ್ಕದಲ್ಲಿ ಕೂತೇ ಅವನು ಅಕ್ಷರ ಕಲಿತ, ಚೂರುಬಟ್ಟೆಯ ಗಂಟಿನ ಮೇಲೆಯೇ ನಿದ್ದೆಹೋದ. ಸೈನ್ಯ ಸೇರಿ ರಜೆಗೆ ಬಂದಾಗಲೆಲ್ಲ, "ಗಡೀನೇ ವಾಸಿ ಕಣಕ್ಕ, ಅಲ್ಲಿ ಗುಂಡಾದ್ರೂ ಆಗಾಗ ನಿಲ್ಲುತ್ತೆ, ನಿನ್ನ ಬಾಯಿ ನಿಲ್ಲಲ್ಲ" ಎಂದು ಕಿಚಾಯಿಸುತ್ತಿದ್ದ. ಯುದ್ಧದಲ್ಲಿ ಅವನು ಸತ್ತಾಗ ಮನೆಗೆ ಬಂದದ್ದು ಒಂದು ಟ್ರಂಕು ಮಾತ್ರ. ದೇಹ ಸಿಗಲೇ ಇಲ್ಲ. ಹೋಗಿ ಕೂತು ಅಳುವುದಕ್ಕೂ ಅವಳಿಗೊಂದು ಜಾಗವಿರಲಿಲ್ಲ.

ಅದಕ್ಕೇ, ಹುತಾತ್ಮರ ತೋಟ ಮಾಡುತ್ತೇವೆ, ಒಬ್ಬೊಬ್ಬ ಯೋಧನ ಹೆಸರಲ್ಲಿ ಒಂದೊಂದು ಗಿಡ ಎಂದು ಪುರಸಭೆಯ ಅಧ್ಯಕ್ಷರು ಹೇಳಿದಾಗ, ಯಾರಿಗೂ ತಲೆಬಾಗದವಳು ಅವರಿಗೆ ಕೈಮುಗಿದಳು. ಬೆಳಿಗ್ಗೆ ಬ್ಯಾಂಡು, ಭಾಷಣ, ಫೋಟೊ ಎಲ್ಲ ಆಯಿತು. ತಮ್ಮನ ಹೆಸರಿನ ಗುಲಾಬಿಯ ಬುಡಕ್ಕೆ ಅವಳೂ ಒಂದು ಹಿಡಿ ಮಣ್ಣು ಹಾಕಿದಳು.

ಸಂಜೆ ಅಂಗಡಿ ಮುಚ್ಚಿ, ನೀರು ಹಾಕಲೆಂದು ಕೊಡ ಹಿಡಿದು ಬಂದರೆ, ನರ್ಸರಿಯವನು ಗಿಡಗಳನ್ನೆಲ್ಲ ವ್ಯಾನಿಗೆ ತುಂಬುತ್ತಿದ್ದಾನೆ. ಕೀಳುವ ಕಷ್ಟವೂ ಇರಲಿಲ್ಲ ಪುಣ್ಯಾತ್ಮನಿಗೆ. ಕುಂಡ ಸಮೇತ ಹೂತಿದ್ದರು, ಕುಂಡ ಸಮೇತ ಎತ್ತುತ್ತಿದ್ದ.

"ಏನಪ್ಪ ಇದು?"

"ಬಾಡಿಗೆ ಗಿಡ ಅಕ್ಕ. ಮದುವೆ ಮನೆಗೆ ಕೊಡ್ತೀವಲ್ಲ, ಹಂಗೇ. ನಾಳೆ ಒಂದು ಬಟ್ಟೆ ಅಂಗಡಿ ಓಪನಿಂಗ್‌ಗೆ ಬೇಕು."

ಅವಳ ಮೈಯೆಲ್ಲ ಉರಿದುಹೋಯಿತು. ಅಧ್ಯಕ್ಷರು ಅಲ್ಲೇ ಗೇಟಿನ ಹತ್ತಿರ ಬ್ಯಾನರು ಬಿಚ್ಚಿಸುತ್ತಿದ್ದರು.

"ಸತ್ತವರ ಹೆಸರಲ್ಲೂ ನಮ್ಮ ಕಣ್ಣಿಗೆ ಮಣ್ಣೆರಚಿದ್ರಾ?"

"ಸಮಾಧಾನ ಮಾಡ್ಕೋಮ್ಮ. ಇಲ್ಲಿ ನೀರಿನ ಲೈನೇ ಇಲ್ಲ. ಗಿಡ ಒಣಗಿದ್ರೆ ಅವರಿಗೇ ಅವಮಾನ ಅಲ್ವಾ? ಮುಂದಿನ ವರ್ಷ ಮತ್ತೆ ತರಿಸ್ತೀವಿ."

ಮಾತು ಹೇಗಿದೆ ನೋಡಿ. ನಾಲಿಗೆಗೆ ಎಲುಬಿಲ್ಲ, ಸರಿ, ಮುಖಕ್ಕೆ ನಾಚಿಕೆಯೂ ಬೇಡವೇ? ಅವಳು ಸೀದಾ ವ್ಯಾನು ಹತ್ತಿ, ತಮ್ಮನ ಹೆಸರಿನ ಚೀಟಿಯಿದ್ದ ಗುಲಾಬಿಯನ್ನು ಎತ್ತಿ ತಂದು, ಕುಂಡವನ್ನು ಕಲ್ಲಿಗೆ ಕುಟ್ಟಿ ಒಡೆದಳು.

"ಅದನ್ನ ಸಂಜೆಗೆ ವಾಪಸ್ ಕೊಡ್ತೀವಿ ಅಂತ ಹೇಳಿ ತಂದಿದ್ದಮ್ಮ" ಎಂದರು ಅಧ್ಯಕ್ಷರು.

"ನನ್ನ ತಮ್ಮನ್ನೂ ಹೀಗೇ ಬ್ಯಾಂಡ್ ಬಾರಿಸಿ ಕರ್ಕೊಂಡು ಹೋದ್ರಿ. ವಾಪಸ್ ಕೊಟ್ರಾ?"

ಅವಳು ಗಿಡವನ್ನು ಗುಂಡಿಗಿಟ್ಟು ಎರಡೂ ಕೈಯಿಂದ ಮಣ್ಣು ಮುಚ್ಚಿದಳು. ಆಮೇಲೆ ಮತ್ತೆ ವ್ಯಾನು ಹತ್ತಿ, ಅದೇ ಯುದ್ಧದಲ್ಲಿ ಸತ್ತ ಪೋಸ್ಟ್‌ಮ್ಯಾನಿನ ಮಗನ ಹೆಸರಿನ ಕುಂಡವನ್ನು ಎತ್ತಿಕೊಂಡಳು.