ಉಣ್ಣದ ತುಪ್ಪದ ಪಥ್ಯ

ನಮ್ಮ ಕಡೆ ಮೈ ತುಂಬಿಕೊಂಡವರನ್ನು ಕಂಡರೆ ಜನ ಮೊದಲು ಅವರ ಮನೆಯ ಎಮ್ಮೆಗಳನ್ನು ಎಣಿಸುತ್ತಾರೆ. ನನ್ನ ಅವ್ವನಿಗೆ ಎಮ್ಮೆಯೂ ಇರಲಿಲ್ಲ, ಹೊಲವೂ ಇರಲಿಲ್ಲ. ಹುಕ್ಕೇರಿ ಕಡೆಯ ಬೆಲ್ಲದ ಗಾಣಗಳಲ್ಲಿ ಕಬ್ಬು ಹೊರುವ ಕೂಲಿ. ಆದರೂ ಮೈ ಎಷ್ಟು ಬೆಳೆದಿತ್ತೆಂದರೆ ಬಾಗಿಲಲ್ಲಿ ಓರೆಯಾಗಿ ಹಾಯಬೇಕಿತ್ತು, ನಾಲ್ಕು ಹೆಜ್ಜೆಗೆ ಏದುಸಿರು.

"ಉಂಡು ಉಂಡು ಕೊಬ್ಬ್ಯಾಳ" ಎನ್ನುತ್ತಿದ್ದರು ಓಣಿಯವರು. ಏನು ಉಂಡಳು, ಮಣ್ಣು? ಗಾಣ ನಡೆಯುವಷ್ಟು ದಿನ ಆಳುಗಳಿಗೆ ಕಬ್ಬಿನ ಹಾಲು, ಬಿಸಿಬೆಲ್ಲ ಹೊಟ್ಟೆ ತುಂಬ. ಕೂಲಿಯಲ್ಲೂ ಒಂದಷ್ಟು ಬೆಲ್ಲವೇ. ಅದು ಮನೆಯ ಗಡಿಗೆಯಲ್ಲಿ ವರ್ಷವಿಡೀ ಇರುತ್ತಿತ್ತು. ಬೇಳೆ ಇಲ್ಲದ ದಿನ ರೊಟ್ಟಿಗೆ ಬೆಲ್ಲ, ರೊಟ್ಟಿಯೂ ಇಲ್ಲದ ದಿನ ಬೆಲ್ಲದ ನೀರು. ಇಲ್ಲದ ದಿನಗಳೇ ಹೆಚ್ಚು.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಆ ಸಲ ಗಾಣ ಹೂಡುವಾಗ ಮಾಲೀಕ ಅವ್ವನನ್ನು ಕರೆಯಲಿಲ್ಲ. ಮೈ ಇಳಿಸಿಕೊಂಡು ಬಾ ಎಂದ. ಗೋಕಾಕದಲ್ಲಿ ಸಂಸಾರ ಹೂಡಿದ್ದ ನಾನು ಅವಳನ್ನು ಅಲ್ಲಿನ ಡಾಕ್ಟರರ ಬಳಿ ಕರೆದೊಯ್ದೆ. ಅವ್ವ ಇದ್ದೊಂದು ಇಳಕಲ್ ಸೀರೆ ಉಟ್ಟು ಬಂದಳು. ಅದೇ ಕೆಟ್ಟದ್ದಾಯಿತು.

ಡಾಕ್ಟರರು ಸೀರೆ ನೋಡಿದರು, ಮೈ ನೋಡಿದರು, ನಕ್ಕರು. "ಸಾವ್ಕಾರ್ತೇರ, ಇನ್ನ ತುಪ್ಪ, ಹೋಳಿಗಿ ಬಿಡ್ರಿ. ಹಣ್ಣು, ಕಾಯಿಪಲ್ಲೆ ತಿನ್ರಿ. ಎಲ್ಲಾ ಆಳಿನ ಕೈಲೆ ಮಾಡಸೂದು ಬಿಟ್ಟು ನೀವೂ ಒಂದೀಟು ಮೈ ಬಗ್ಗಸ್ರಿ."

ನನಗೆ ಮೈಯೆಲ್ಲ ಉರಿಯಿತು. ಅಷ್ಟು ಓದಿದ ಮನುಷ್ಯನಿಗೆ, ಏನು ತಿನ್ನುತ್ತೀ ತಾಯಿ ಎಂದು ಒಂದು ಮಾತು ಕೇಳಲು ಬರಲಿಲ್ಲವೇ? ಹೇಳಿಯೇಬಿಡೋಣ ಎಂದು ಬಾಯಿ ತೆರೆದೆ. ಅವ್ವ ನನ್ನ ತೊಡೆ ಚಿವುಟಿದಳು. ಮುಖ ಅರಳಿಸಿಕೊಂಡು, "ಹೂಂನ್ರಿ, ತುಪ್ಪ ಇವತ್ತಿಂದ ಬಿಟ್ಟೆ ನೋಡ್ರಿ" ಎಂದಳು. ಅವಳನ್ನು ಸಾವ್ಕಾರ್ತಿ ಎಂದು ಕರೆದವರು ಅವರೇ ಮೊದಲು.

ಅವ್ವನನ್ನು ಊರಿಗೆ ಬಿಡಲು ನಾನೂ ಬಸ್ಸು ಹತ್ತಿದೆ. ಊರು ಮುಟ್ಟಿದಾಗ ಪಕ್ಕದ ಮನೆಯಾಕೆ, ಡಾಕ್ಟರ್ ಏನಂದರು ಎಂದು ಕೇಳಿದಳು. "ತುಪ್ಪ ಬಿಡಾಕ ಹೇಳ್ಯಾರ" ಎಂದಳು ಅವ್ವ, ಓಣಿಗೆಲ್ಲ ಕೇಳುವಂತೆ. ಒಳಗೆ ಬಂದು ರೊಟ್ಟಿ ಹಾಕಿಕೊಂಡು ಬೆಲ್ಲದ ಗಡಿಗೆಗೆ ಕೈ ಹಾಕಿದಳು.

"ಮೊದಲ ಆ ಬೆಲ್ಲ ಬಿಡಬೇ!" ಎಂದು ಚೀರಿದೆ.

"ಡಾಕ್ಟರ್ ಬೆಲ್ಲದ ಸುದ್ದಿನ ತಗಿಲಿಲ್ಲಲ್ಲ" ಎಂದಳು ಅವ್ವ, ಬೆಲ್ಲ ಮುರಿಯುತ್ತಲೇ. "ಆತು, ಬಿಡ್ತೀನಿ. ರೊಟ್ಟಿಗೆ ಏನ್ ಹಚ್ಕೊಳ್ಳಲಿ, ಅದನ್ನ ಹೇಳು."

ಉಳಿದ ಗಡಿಗೆಗಳ ಮುಚ್ಚಳ ತೆಗೆದು ನೋಡಿದೆ. ಎಲ್ಲ ಬರಿದು. ಸಿಟ್ಟನ್ನು ಯಾರ ಮೇಲೆ ತೀರಿಸಲಿ? ಅವಳ ಪಕ್ಕದಲ್ಲಿ ಕುಳಿತು ನನ್ನ ರೊಟ್ಟಿಗೂ ಬೆಲ್ಲ ಮುರಿದುಕೊಂಡೆ.